ಹತ್ತು ದಿನದ ಬುತ್ತಿ

ಪಕ್ಕದ ಮನೆಯ ಅಜ್ಜಿ ಮೊದಲ ಸಲ ನಮ್ಮೊಂದಿಗೆ ಮಾತಾಡಿದ್ದು ನಮ್ಮನ್ನು ಕಾಪಾಡುವುದಕ್ಕೆ ಓಡಿಬಂದಾಗ. ನ್ಯೂಜೆರ್ಸಿಯ ಹಿಲ್ಸ್‌ಬರೋದ ಈ ಟೌನ್‌ಹೌಸಿಗೆ ನಾವು ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಅಂದು ಪಿತೃಪಕ್ಷದ ಅಮಾವಾಸ್ಯೆ. ನಾವು ಮಂಡ್ಯದ ಕಡೆಯವರು. ನಮ್ಮಲ್ಲಿ ಹಿರಿಯರಿಗೆ ಎಡೆ ಇಡುವುದೆಂದರೆ ವಡೆ ಪಾಯಸದಲ್ಲಿ ಮುಗಿಯುವುದಿಲ್ಲ. ಸತ್ತವರಿಗೆ ಬದುಕಿದ್ದಾಗ ಏನೇನು ಇಷ್ಟವಿತ್ತೋ ಅದೆಲ್ಲ ಎಲೆಗೆ ಬರಬೇಕು. ನನ್ನ ಗಂಡ ಬೆಳಿಗ್ಗೆಯೇ ಸಮರ್‌ಸೆಟ್‌ವರೆಗೂ ಹೋಗಿ ಮೇಕೆ ಮಾಂಸ ತಂದಿದ್ದರು. ನಾನು ಕಜ್ಜಾಯ ಸುಟ್ಟಿದ್ದೆ. ಮಾವನವರು ಸೇದುತ್ತಿದ್ದದ್ದು ಬೀಡಿ. ಅದು ಸಿಗಲಿಲ್ಲವೆಂದು ಫಿಲ್ಟರ್ ಸಿಗರೇಟು ಇಟ್ಟೆವು. ಸತ್ತ ಮೇಲಾದರೂ ಬಡ್ತಿ ಸಿಗಲಿ ಬಿಡಿ ಎಂದು ನಾನು ಅಂದದ್ದಕ್ಕೆ ಗಂಡ ಮುಖ ಗಂಟಿಕ್ಕಿಕೊಂಡರು.

ಎಡೆ ಇಟ್ಟು, ಧೂಪ ಹಾಕಿ, ಬಾಗಿಲೆಳೆದುಕೊಂಡು ನಾನು, ಗಂಡ, ಮಗಳು ಹೊರಗಿನ ಮೆಟ್ಟಿಲ ಮೇಲೆ ಕುಳಿತೆವು. ಹಿರಿಯರು ಬಂದು ಉಣ್ಣುವಾಗ ಮನೆಯವರು ಒಳಗಿರಬಾರದು, ಅದು ನಮ್ಮ ಪದ್ಧತಿ. ಊರಿನಲ್ಲಾದರೆ ಬೀದಿಯುದ್ದಕ್ಕೂ ಎಲ್ಲರೂ ಹೀಗೇ ಜಗಲಿಯ ಮೇಲೆ ಕುಳಿತಿರುತ್ತಾರೆ, ಯಾರೂ ಯಾಕೆಂದು ಕೇಳುವುದಿಲ್ಲ. ಇಲ್ಲಿ ಕೇಳಿದರು. ತೋಳಿಲ್ಲದ ಹತ್ತಿಯ ಜಾಕೆಟ್ಟು, ದೊಡ್ಡ ಟೋಪಿ, ಕೈಯಲ್ಲಿ ಗಿಡ ಕತ್ತರಿಸುವ ಕತ್ತರಿ ಹಿಡಿದ ಒಂದು ಪುಟ್ಟ ಮುದುಕಿ ಹುಲ್ಲು ದಾಟಿಕೊಂಡು ಬಂದರು.

"ಬೀಗದ ಕೈ ಒಳಗೇ ಉಳೀತಾ? ತಡೀರಿ, ಬೀಗ ತೆಗೆಯೋನ ನಂಬರ್ ನನ್ನ ಹತ್ರ ಇದೆ."

"ಇಲ್ಲ ಆಂಟಿ, ಒಳಗೆ ನಮ್ಮ ಹಿರಿಯರು ಊಟ ಮಾಡ್ತಿದ್ದಾರೆ," ಎಂದೆ. "ನಮ್ಮತ್ತೆ, ಮಾವ, ನಮ್ಮಪ್ಪ, ಅಮ್ಮ. ಎಲ್ಲ ತೀರಿಕೊಂಡೋರು."

ನನ್ನ ಮಗಳು ನಾಚಿಕೆಯಿಂದ ಮೊಣಕಾಲಿನಲ್ಲಿ ಮುಖ ಹುದುಗಿಸಿದಳು. ಮುದುಕಿ ಮುಚ್ಚಿದ ಬಾಗಿಲನ್ನು ಒಮ್ಮೆ ನೋಡಿದರು, ನಮ್ಮನ್ನು ಒಮ್ಮೆ ನೋಡಿದರು. ನಗಲಿಲ್ಲ.

"ನಮ್ಮಲ್ಲೂ ಬಂದು ತಿಂತಾರೆ," ಎಂದರು. "ಆದ್ರೆ ನಾವು ಒಳಗೇ ಇರ್ತೀವಿ. ನಿಮ್ಮೋರಿಗೆ ನಾಚಿಕೆ ಜಾಸ್ತಿನಾ?"

ಅವರು ಮಾತಾಡುತ್ತಿದ್ದದ್ದು ತುಂಡು ತುಂಡು ಇಂಗ್ಲಿಷು. ನನ್ನ ನೆನಪಿನಲ್ಲಿ ಮಾತ್ರ ಅದು ಕನ್ನಡವಾಗಿಯೇ ಉಳಿದಿದೆ. ಅಷ್ಟು ನೆಟ್ಟಗೆ ಮಾತಾಡುವವರನ್ನು ನಾನು ನೋಡಿದ್ದು ನಮ್ಮೂರಿನಲ್ಲೇ, ಅದಕ್ಕಿರಬೇಕು. ಆ ಮಧ್ಯಾಹ್ನ ಅವರು ನಮ್ಮ ಜೊತೆ ಕುಳಿತು ಉಂಡರು. ಕಜ್ಜಾಯ ಮೂಸಿ ನೋಡಿ, ಚೂರು ಮುರಿದು, ಆಮೇಲೆ ತಟ್ಟೆಯನ್ನೇ ತಮ್ಮ ಹತ್ತಿರ ಎಳೆದುಕೊಂಡರು. ನನ್ನ ಮಗಳು ಅವರನ್ನು ಅಜ್ಜಿ ಎಂದಳು, ನಾವೂ ಅಜ್ಜಿ ಎಂದೆವು. ಅವರದು ವಿಯೆಟ್ನಾಮಿನ ಸೈಗಾನ್. ಈಗ ಆ ಊರಿಗೆ ಬೇರೆ ಹೆಸರಿದೆ. ಆ ಹೆಸರು ಅವರ ಬಾಯಿಂದ ಬಂದದ್ದನ್ನು ನಾನು ಒಂದು ದಿನವೂ ಕೇಳಲಿಲ್ಲ.

ಮುಂದಿನ ಬೇಸಿಗೆಯಲ್ಲಿ ನಾವು ಊರಿಗೆ ಹೋಗಿಬಂದಾಗ ಅಜ್ಜಿಗೆಂದು ಮೈಸೂರಿನಿಂದ ಒಂದು ಗಂಧದ ಹಾರ ತಂದೆ. ಗಂಧದ ಚಕ್ಕೆಯನ್ನು ತೆಳ್ಳಗೆ ಸುರುಳಿ ಮಾಡಿ ಪೋಣಿಸಿರುತ್ತಾರಲ್ಲ, ಅದು. ಅದಕ್ಕೆ ಕಾರಣವಿತ್ತು. ಅವರ ಮನೆಯ ಹಜಾರದಲ್ಲಿ ಎತ್ತರದ ಒಂದು ಕೆಂಪು ಸ್ಟ್ಯಾಂಡಿನ ಮೇಲೆ ಅವರ ಅಪ್ಪ, ಅಮ್ಮ, ಅಣ್ಣನ ಫೋಟೋಗಳಿದ್ದವು. ಮುಂದೆ ಕಿತ್ತಳೆ ಹಣ್ಣು, ಊದಿನಕಡ್ಡಿ, ಮೂರು ಪುಟ್ಟ ಲೋಟ. ಆದರೆ ಯೂನಿಫಾರ್ಮು ತೊಟ್ಟ ಒಬ್ಬ ಯುವಕನ ಫೋಟೋ ಮಾತ್ರ ಮುಂಬಾಗಿಲ ಪಕ್ಕದ ಗೋಡೆಯಲ್ಲಿತ್ತು. ಕೆಳಗೆ ಚಪ್ಪಲಿ ಗೂಡು, ಅದರ ಮೇಲೆ ಹಳೆಯ ಲ್ಯಾಂಡ್‌ಲೈನ್ ಫೋನು. ಅವರ ಯಜಮಾನರು ಎಂದು ಅಜ್ಜಿಯ ಮಗ ಒಮ್ಮೆ ಹೇಳಿದ್ದ. ತವರಿನವರಿಗೆಲ್ಲ ಪೂಜೆ, ಕಟ್ಟಿಕೊಂಡ ಗಂಡನನ್ನು ಚಪ್ಪಲಿ ಬಿಡುವ ಜಾಗದಲ್ಲಿ ತೂಗುಹಾಕಿದ್ದಾರಲ್ಲ ಎಂದು ನನಗೆ ಒಳಗೊಳಗೇ ಸಿಟ್ಟು. ಮಂಡ್ಯದವಳ ನ್ಯಾಯ, ತೀರ್ಪು ಮೊದಲು, ವಿಚಾರಣೆ ಆಮೇಲೆ. ಒಂದು ಹಾರವಾದರೂ ಇರಲಿ ಎಂದುಕೊಂಡೆ.

ಡಬ್ಬಿಯಿಂದ ಹಾರ ತೆಗೆದು, ತುದಿಗಾಲಿನಲ್ಲಿ ನಿಂತು ಫೋಟೋದ ಕಡೆ ಕೈ ಎತ್ತಿದೆ. ಅಜ್ಜಿ ಅಡುಗೆಮನೆಯಿಂದ ಬಂದರು.

"ಏನದು?"

"ನಮ್ಮೂರಲ್ಲಿ ಫೋಟೋಗೆ ಹಾಕ್ತೀವಿ ಅಜ್ಜಿ. ವಾಸನೆ ನೋಡಿ, ಗಂಧದ್ದು."

"ಯಾರ ಫೋಟೋಗೆ?"

"ತೀರಿಕೊಂಡೋರ ಫೋಟೋಗೆ."

ಅವರು ನನ್ನ ಕೈಯಿಂದ ಹಾರವನ್ನು ತೆಗೆದುಕೊಂಡರು. ಕಿತ್ತುಕೊಳ್ಳಲಿಲ್ಲ. ಡಬ್ಬಿಯಲ್ಲಿ ಮಡಿಸಿಟ್ಟು ಮುಚ್ಚಳ ಹಾಕಿದರು. ಆಮೇಲೆ ತಲೆಯೆತ್ತಿ ನನ್ನನ್ನು ನೋಡಿದರು.

"ಇವರು ಸತ್ತಿದ್ದಾರೆ ಅಂತ ನಿನಗೆ ಯಾರು ಹೇಳಿದ್ರು?"

ಬದುಕಿರುವವರ ಫೋಟೋಗೆ ಹಾರ ಹಾಕುವುದೆಂದರೇನು ಎಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನಮ್ಮಮ್ಮ ಆಗಿದ್ದರೆ ಅಷ್ಟು ಹೊತ್ತಿಗೆ ಪೊರಕೆ ಕೈಗೆ ಬಂದಿರುತ್ತಿತ್ತು. ಅಜ್ಜಿ ಪೊರಕೆ ತೆಗೆದುಕೊಳ್ಳಲಿಲ್ಲ, ಟೀಗೆ ನೀರಿಟ್ಟರು. ಕೂತ್ಕೋ ಎಂದರು. ಅವತ್ತು ಅವರು ಹೇಳಿದ್ದನ್ನು ನನಗೆ ತಿಳಿದಷ್ಟು ಇಲ್ಲಿ ಬರೆಯುತ್ತಿದ್ದೇನೆ.

ಯಜಮಾನರು ದಕ್ಷಿಣದ ಸೇನೆಯಲ್ಲಿ ಸಣ್ಣ ಅಧಿಕಾರಿ. ನಕ್ಷೆ ಬರೆಯುವ ಕಚೇರಿಯಲ್ಲಿದ್ದರು. ಬಂದೂಕು ಕೊಟ್ಟಿದ್ದರು, ಅದಕ್ಕೆ ಎಣ್ಣೆ ಹಾಕುತ್ತಿದ್ದದ್ದು ಅಜ್ಜಿಯೇ ಅಂತೆ. ಎಪ್ಪತ್ತೈದನೇ ಇಸವಿಯ ಏಪ್ರಿಲ್ ಕೊನೆಯಲ್ಲಿ ಉತ್ತರದವರ ಟ್ಯಾಂಕುಗಳು ಊರೊಳಗೆ ಬಂದವು, ಯುದ್ಧ ಮುಗಿಯಿತು. ನಿಜ ಹೇಳಬೇಕೆಂದರೆ ಮೊದಲ ವಾರ ನಮಗೂ ಸಮಾಧಾನವಾಗಿತ್ತು ಎಂದರು ಅಜ್ಜಿ. ಬಾಂಬಿನ ಸದ್ದು ನಿಂತಿತಲ್ಲ. ಗೆದ್ದವರು ಸೋತವರಿಗೆ ಒಂದು ಆಜ್ಞೆ ಹೊರಡಿಸಿದರು. ಸೇನೆಯಲ್ಲಿದ್ದವರೆಲ್ಲ ಬಂದು ಹಾಜರಾಗಬೇಕು, ಹೊಸ ಸರ್ಕಾರದ ಪಾಠ ಕಲಿಯಬೇಕು. ಸಣ್ಣ ಅಧಿಕಾರಿಗಳು ಹತ್ತು ದಿನಕ್ಕೆ ಆಗುವಷ್ಟು ಊಟ ಬಟ್ಟೆ ತರಬೇಕು.

"ಹತ್ತು ದಿನಕ್ಕೆ ಬುತ್ತಿ ತಗೊಂಡು ಬಾ ಅಂದ್ರು. ಹತ್ತು ದಿನಕ್ಕೆ ವಾಪಸ್ ಬಿಡ್ತೀವಿ ಅಂತ ಹೇಳಲಿಲ್ಲ. ನಾವೇ ಹಂಗಂದುಕೊಂಡ್ವಿ. ಎಂಥಾ ಜಾಣರು ನೋಡು."

ಅಜ್ಜಿ ಕಡಲೆಕಾಯಿ ಬೀಜ, ಎಳ್ಳು, ಉಪ್ಪು ಹುರಿದು ಕುಟ್ಟಿ ಪುಡಿ ಮಾಡಿದರು. ಹಂದಿ ಮಾಂಸವನ್ನು ಎಳೆಯೆಳೆಯಾಗಿ ಬಿಡಿಸಿ ನೀರಿಂಗುವವರೆಗೂ ಹುರಿದರು, ಕೆಡದಿರಲಿ ಎಂದು. ಒಣಮೀನು ಕಟ್ಟಿದರು. ಒಂದು ಸೊಳ್ಳೆಪರದೆ, ಎರಡು ಜೊತೆ ಬಟ್ಟೆ. ಯಜಮಾನರು ಚೀಲ ಎತ್ತಿ ನೋಡಿ ಇದು ಹದಿನೈದು ದಿನಕ್ಕಾಗುತ್ತೆ, ಕಮ್ಮಿ ಮಾಡು ಎಂದರಂತೆ. ಮಗನಿಗೆ ಆಗ ಎರಡು ವರ್ಷ. ಅವನ ಕೈಗೆ ಒಂದು ಹಿಡಿ ಎಳ್ಳಿನ ಪುಡಿ ಕೊಟ್ಟು, ಸೈಕಲ್ಲಿನಲ್ಲಿ ಹೋದರು. ಸೈಕಲ್ಲನ್ನು ಪಕ್ಕದ ಮನೆಯವನು ವಾಪಸ್ ತಂದುಕೊಟ್ಟ. ಅವರು ಬರಲಿಲ್ಲ.

ಹೋದವರಲ್ಲಿ ಕೆಲವರು ಮೂರು ವರ್ಷಕ್ಕೆ ಬಂದರು, ಕೆಲವರು ಹತ್ತು ವರ್ಷ ದಾಟಿದ ಮೇಲೆ ಬಂದರು. ಒಬ್ಬ, ನಿಮ್ಮ ಯಜಮಾನರು ನಮ್ಮ ಸೆರೆ ಕ್ಯಾಂಪಿನಲ್ಲೇ ಇದ್ದರು, ಆಮೇಲೆ ಉತ್ತರಕ್ಕೆ ಸಾಗಿಸಿದರು ಎಂದ. ಇನ್ನೊಬ್ಬ ಜ್ವರ ಬಂದಿತ್ತು ಎಂದ. ಮತ್ತೊಬ್ಬ, ಜ್ವರವೆಲ್ಲ ವಾಸಿಯಾದ ಮೇಲೆ ನಾನೇ ಅವರ ಜೊತೆ ಬಿದಿರು ಕಡಿದಿದ್ದೇನೆ ಎಂದ. ಸರ್ಕಾರವನ್ನು ಕೇಳಿದರೆ ನಿನ್ನ ಗಂಡ ಇನ್ನೂ ಪಾಠ ಕಲಿಯುತ್ತಿದ್ದಾನೆ ಎಂದರು. ಮತ್ತೆ ಕೇಳಿದರೆ ಮನೆ ಖಾಲಿ ಮಾಡಿ ಕಾಡಿನ ಕಡೆ ಹೊಸ ಜಮೀನಿಗೆ ಹೋಗು ಎಂದರು. ನಾನು ಬರುವುದು ತಡವಾದರೆ ಮಗನನ್ನು ಕರೆದುಕೊಂಡು ಹೊರಟುಬಿಡು ಎಂದು ಯಜಮಾನರೇ ಹೇಳಿಹೋಗಿದ್ದರಂತೆ. ಮಗನಿಗೆ ಏಳು ತುಂಬಿದಾಗ ಅಜ್ಜಿ ದೋಣಿ ಹತ್ತಿದರು. ಮಲೇಷ್ಯಾದ ಶಿಬಿರ, ಅಲ್ಲಿಂದ ನ್ಯೂಜೆರ್ಸಿ, ಸರ್ಕಿಟ್ ಬೋರ್ಡಿಗೆ ಬೆಸುಗೆ ಹಾಕುವ ಕಾರ್ಖಾನೆ. ಮೊದಲ ಸಂಬಳದಲ್ಲಿ ಫೋನು ಹಾಕಿಸಿದರು. ಆ ನಂಬರನ್ನು ಸೈಗಾನಿನಲ್ಲಿ ಉಳಿದ ತಂಗಿಗೆ, ಬೀದಿಯವರಿಗೆ, ಹಳೆಯ ಮನೆಯಲ್ಲಿ ಹೊಸದಾಗಿ ಬಂದು ಕೂತವರಿಗೂ ಕಳಿಸಿದರು. ಮನೆ ಮೂರು ಸಲ ಬದಲಾಯಿತು. ನಂಬರು ಬದಲಾಗಲಿಲ್ಲ.

ಗಂಧದ ಹಾರ ಡಬ್ಬಿಯ ಸಮೇತ ನನ್ನ ಜೊತೆಯೇ ವಾಪಸ್ ಬಂತು.

ಈ ಸಂಗತಿಯಲ್ಲಿ ನಾನು ಯಾವ ಕಡೆಯವಳು ಎನ್ನುವುದೂ ಅಜ್ಜಿಗೆ ಗೊತ್ತಿರಲಿ ಎಂದು ಇನ್ನೊಂದು ದಿನ ನಮ್ಮ ದೊಡ್ಡಪ್ಪನ ವಿಷಯ ಹೇಳಿದೆ. ಕೆಂಪು ಬಾವುಟದವರು ಅವರು. ಸೈಗಾನ್ ಬಿತ್ತು ಎಂದು ರೇಡಿಯೋದಲ್ಲಿ ಕೇಳಿದ ದಿನ ಬೀದಿಗೆಲ್ಲ ಮೈಸೂರು ಪಾಕು ಹಂಚಿದ್ದರಂತೆ. ನಾನಿನ್ನೂ ಹುಟ್ಟಿರಲಿಲ್ಲ, ಆದರೆ ನಮ್ಮ ಮನೆಯಲ್ಲಿ ಆ ಕಥೆ ಹಬ್ಬದ ಕಥೆಯಂತೆ ಬೆಳೆದಿತ್ತು. ಪುಟ್ಟ ದೇಶ ದೈತ್ಯನನ್ನು ಸೋಲಿಸಿತು. ಕಥೆ ಅಲ್ಲಿಗೆ ಮುಗಿಯುತ್ತಿತ್ತು. ಮಾರನೆಯ ದಿನ ಯಾರ ಮನೆಯ ಮುಂದೆ ಯಾವ ಸೈಕಲ್ ನಿಂತಿತ್ತು ಎಂದು ದೊಡ್ಡಪ್ಪನೂ ಹೇಳಲಿಲ್ಲ, ನಾವೂ ಕೇಳಲಿಲ್ಲ.

ಅಜ್ಜಿಗೆ ಸಿಟ್ಟು ಬರಬಹುದು ಎಂದು ಕಾದೆ. ಅವರು, "ಮೈಸೂರು ಪಾಕ್ ಅಂದ್ರೆ ಹೋದ ದೀಪಾವಳಿಗೆ ಕೊಟ್ಟಿದ್ದಲ್ಲ, ಅದಾ? ತುಪ್ಪದ್ದು?" ಎಂದು ಕೇಳಿದರು. ಹೌದೆಂದೆ. "ನಿಮ್ಮ ದೊಡ್ಡಪ್ಪ ಒಳ್ಳೇದೇ ಹಂಚಿದ್ದಾರೆ. ಅಮೆರಿಕದೋರು ಸೋತಿದ್ದಕ್ಕೆ ನಾನೂ ಏನು ಅಳಲಿಲ್ಲ, ಬಿಡು. ನಮ್ಮನ್ನ ಬಿಟ್ಟು ಹೆಲಿಕಾಪ್ಟರ್ ಹತ್ತಿದೋರು ತಾನೆ?"

ಪ್ರತಿ ಜೂನಿನಲ್ಲಿ, ಯಜಮಾನರು ಸೈಕಲ್ ಹತ್ತಿದ ದಿನ, ಅಜ್ಜಿ ಅದೇ ಬುತ್ತಿಯ ಅಡುಗೆ ಮಾಡುತ್ತಿದ್ದರು. ಎಳ್ಳಿನ ಪುಡಿ ನನಗೂ ಒಂದು ಬಾಟಲು ಬರುತ್ತಿತ್ತು. ನಮ್ಮ ಚಟ್ನಿಪುಡಿಯ ತಮ್ಮನ ಹಾಗಿದೆ, ಖಾರ ಒಂದಿಲ್ಲ. ಆ ದಿನ ಊಟದ ಮೇಜಿನ ಮೇಲೆ ಎರಡು ಬಟ್ಟಲು ಇಡುತ್ತಿದ್ದರು. ಕೆಂಪು ಸ್ಟ್ಯಾಂಡಿನ ಮುಂದೆ ಅಲ್ಲ, ಮೇಜಿನ ಮೇಲೆ. ಊದಿನಕಡ್ಡಿ ಹಚ್ಚುತ್ತಿರಲಿಲ್ಲ. ಅವರಲ್ಲಿಯೂ ತೀರಿಕೊಂಡವರಿಗೆ ತಿಥಿ ಇದೆ, ನಮ್ಮ ಹಾಗೆಯೇ ಚಂದ್ರನನ್ನು ನೋಡಿ ಹಿಡಿಯುವ ದಿನ. ಸತ್ತ ದಿನ ಗೊತ್ತಿಲ್ಲದಿದ್ದರೆ ಮನೆ ಬಿಟ್ಟುಹೋದ ದಿನವನ್ನೇ ತಿಥಿ ಮಾಡಿಕೊಂಡವರು ಅವರ ಪೈಕಿ ಬೇಕಾದಷ್ಟು ಜನರಿದ್ದಾರೆ. ಸೈಗಾನಿನ ತಂಗಿ, ಇಲ್ಲಿನ ಗೆಳತಿಯರು, ಅವರ ಪಗೋಡದ ಗುರುಗಳು, ಎಲ್ಲರೂ ಹೇಳಿ ಸೋತಿದ್ದರು. ಅಜ್ಜಿ ಒಪ್ಪಲಿಲ್ಲ. ಎರಡು ಬಟ್ಟಲಿನಲ್ಲಿ ಒಂದನ್ನು ತಾವು ಉಂಡು, ಇನ್ನೊಂದನ್ನು ಮುಚ್ಚಿ ಫ್ರಿಜ್ಜಿಗೆ ಇಡುತ್ತಿದ್ದರು. ತಡವಾಗಿ ಮನೆಗೆ ಬರುವವರಿಗೆ ಎತ್ತಿಡುತ್ತೇವಲ್ಲ, ಹಾಗೆ.

ಅವರ ಮಗ ಬಾಸ್ಕಿಂಗ್ ರಿಡ್ಜ್‌ನಲ್ಲಿ ನನ್ನ ಆಫೀಸಿನ ಎದುರು ಕಟ್ಟಡದಲ್ಲೇ ಕೆಲಸ ಮಾಡುತ್ತಿದ್ದ. ಐವತ್ತು ದಾಟಿದ, ಮೆತ್ತಗೆ ಮಾತಾಡುವ ಮನುಷ್ಯ. ಯುದ್ಧ ಮುಗಿದು ಐವತ್ತು ತುಂಬಿದ ವರ್ಷ ಅವನು ಮೊದಲ ಸಲ ಆ ದೇಶಕ್ಕೆ ಹೋದ. ಅಪ್ಪನ ಕ್ಯಾಂಪು ಇದ್ದಿರಬಹುದಾದ ಉತ್ತರದ ಕಾಡಿಗೆ ಹೋಗಿ, ಅಲ್ಲಿನ ರೈತರೊಬ್ಬರನ್ನು ಕೇಳಿಕೊಂಡು, ಹೆಸರಿಲ್ಲದ ಗುಂಡಿಗಳಿದ್ದ ಗುಡ್ಡ ನೋಡಿ ಬಂದ. ಬರುವಾಗ ಪುಟ್ಟ ಜಾಡಿಯಲ್ಲಿ ಆ ಗುಡ್ಡದ ಮಣ್ಣು ತಂದ. ನಮ್ಮತ್ತಿಗೆ ಕಳಿಸಿದ ಮಾವಿನ ಉಪ್ಪಿನಕಾಯಿಯನ್ನು ನೆವಾರ್ಕ್ ಏರ್‌ಪೋರ್ಟಿನಲ್ಲಿ ಬಿಸಾಡಿಸಿದರು. ಇವನ ಮಣ್ಣು ಹೇಗೆ ದಾಟಿತೋ ದೇವರೇ ಬಲ್ಲ.

ಅವನು ಅದನ್ನು ತಾಯಿಯ ಮುಂದೆ ಇಟ್ಟಾಗ ನಾನು ಅಲ್ಲೇ ಇದ್ದೆ, ಕರಿಬೇವಿನ ಗಿಡದ ಕುಂಡ ಕೊಡಲು ಹೋಗಿದ್ದೆ.

"ಅಮ್ಮ, ಅಪ್ಪ ಇಲ್ಲೇ ಇರೋದು. ಹೆಚ್ಚುಕಮ್ಮಿ ಖಚಿತ."

"ಹೆಚ್ಚುಕಮ್ಮಿ ಅಂತ ಯಾರು ಹೇಳಿದ್ದು? ಸರ್ಕಾರದೋರಾ?"

"ಇಲ್ಲ. ಒಬ್ಬ ರೈತ. ತುಂಬಾ ಒಳ್ಳೆಯವನು."

"ಒಳ್ಳೆಯವನೇ ಇರಬೇಕು. ಅವನಿಗೆ ಊಟ ಹಾಕಿದ್ಯಾ?"

ಅಜ್ಜಿ ಜಾಡಿ ತೆಗೆದುಕೊಂಡು ಹಿಂಬಾಗಿಲಿಗೆ ಹೋದರು. ಡೆಕ್ಕಿನ ಮೇಲೆ ಅವರ ನಿಂಬೆಹುಲ್ಲಿನ ಕುಂಡವಿತ್ತು. ಮಣ್ಣನ್ನು ಅದಕ್ಕೆ ಸುರಿದು, ಕೈಯಿಂದ ಒತ್ತಿ, ನೀರು ಹಾಕಿದರು. ಮಗ ತಲೆ ಹಿಡಿದುಕೊಂಡು ಕೂತ. ನನಗೆ ಆ ಮನುಷ್ಯನ ಮೇಲೆ ನಿಜವಾಗಿ ಮರುಕ ಬಂತು. ಅವನಿಗೆ ಅಪ್ಪನೆಂದರೆ ಒಂದು ಹಿಡಿ ಎಳ್ಳಿನ ಪುಡಿ, ಅದೂ ಅವನಿಗೆ ನೆನಪಿಲ್ಲ, ಅಮ್ಮ ಹೇಳಿದ್ದು. ನಮಸ್ಕಾರ ಮಾಡುವುದಕ್ಕೆ ಅವನಿಗೊಂದು ಜಾಗ ಬೇಕಿತ್ತು.

ಅಜ್ಜಿಯ ಹೃದಯ ಆ ಹೊತ್ತಿಗಾಗಲೇ ಸೋತಿತ್ತು. ಡಾಕ್ಟರು ಮಗನ ಹತ್ತಿರ ಸ್ಪಷ್ಟವಾಗಿ ಹೇಳಿದ್ದರು. ಒಂದು ಮಧ್ಯಾಹ್ನ ಅವನು ಆಫೀಸಿನ ಕೆಫೆಟೇರಿಯಾದಲ್ಲಿ ನನ್ನೆದುರು ಬಂದು ಕುಳಿತ.

"ನೀವು ಹೇಳಿದ್ರೆ ಕೇಳಬಹುದು. ಅವರು ಇರುವಾಗಲೇ ಒಂದು ದಿನ ಗೊತ್ತು ಮಾಡಿದ್ರೆ, ಅವರೇ ತಮ್ಮ ಕೈಯಾರೆ ಅಪ್ಪನಿಗೆ ಊದಿನಕಡ್ಡಿ ಹಚ್ಚಬಹುದು. ಆಮೇಲೆ ಇಬ್ಬರ ಫೋಟೋನೂ ಜೊತೆಗಿಡ್ತೀನಿ. ಇಲ್ಲದಿದ್ರೆ ನಾನು ಏನು ಮಾಡ್ಲಿ? ಒಬ್ಬರು ಮೇಲೆ, ಒಬ್ಬರು ಚಪ್ಪಲಿ ಹತ್ರನಾ?"

ನನಗೂ ಅದು ಸರಿಯೆನಿಸಿತು. ಅದಲ್ಲದೆ ನನ್ನ ಹತ್ತಿರ ಒಂದು ಉಪಾಯವಿತ್ತು, ನಮ್ಮದೇ ಪಂಚಾಂಗದ ಉಪಾಯ. ತಿಥಿ ಗೊತ್ತಿಲ್ಲದವರಿಗೆಲ್ಲ ನಮ್ಮಲ್ಲಿ ಪಿತೃಪಕ್ಷದ ಅಮಾವಾಸ್ಯೆ ಇದೆಯಲ್ಲ. ದಿನ ಯಾವುದೆಂದು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ, ಯಾರೂ ಸುಳ್ಳು ಹೇಳಬೇಕಾಗಿಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಹೋಗಿ ಹೇಳಿದೆ. ಅಜ್ಜಿ ದಿಂಬಿಗೊರಗಿ ಟೀವಿ ನೋಡುತ್ತಿದ್ದರು. ಸೈಗಾನಿನಲ್ಲಿ ಐವತ್ತನೇ ವರ್ಷದ ಗೆಲುವಿನ ಪೆರೇಡು ನಡೆದಿತ್ತಲ್ಲ, ಅದರದ್ದೇ ವಿಡಿಯೋ. ಸೈನಿಕರು, ಬ್ಯಾಂಡು, ಆಕಾಶದಲ್ಲಿ ವಿಮಾನಗಳು. ಇದನ್ನೇಕೆ ನೋಡುತ್ತೀರಿ ಎಂದರೆ, ಯಾರಾದರೂ ಏನಾದರೂ ಹೇಳುತ್ತಾರೇನೋ ಎಂದು ನೋಡುತ್ತೇನೆ ಎಂದಿದ್ದರು ಒಮ್ಮೆ.

ನನ್ನ ಮಾತನ್ನು ಪೂರ್ತಿ ಕೇಳಿದರು. ಆಮೇಲೆ ಟೀವಿಯ ಸದ್ದು ಕಡಿಮೆ ಮಾಡಿದರು.

"ಆ ಅಮಾವಾಸ್ಯೆ ಯಾರಿಗೆ ಅಂದೆ?"

"ಎಲ್ಲಿ, ಯಾವತ್ತು ಹೋದ್ರು ಅಂತ ಗೊತ್ತಿಲ್ದೋರಿಗೆ ಅಜ್ಜಿ. ನದೀಲಿ ಕೊಚ್ಚಿಕೊಂಡು ಹೋದೋರಿಗೆ. ಕಾಡಲ್ಲಿ ಹುಲಿ ಹೊತ್ಕೊಂಡು ಹೋದೋರಿಗೆ."

"ಒಳ್ಳೆ ಅಮಾವಾಸ್ಯೆ. ನದಿಗೆ ಬಾಯಿಲ್ಲ. ಹುಲಿಗೆ ಬಾಯಿಲ್ಲ. ಅವಕ್ಕೆ ಹೇಳೋಕೆ ಆಗಲ್ಲ, ಅದಕ್ಕೆ ನಿಮ್ಮೋರೇ ಒಂದು ದಿನ ಮಾಡ್ಕೊಂಡ್ರು." ಬೆರಳನ್ನು ಟೀವಿಯ ಕಡೆ ಚಾಚಿದರು. "ಇವರಿಗೆ ಬಾಯಿದೆ. ಮೈಕಿದೆ. ಬ್ಯಾಂಡಿದೆ. ತಾವು ಗೆದ್ದ ದಿನ, ಗೆದ್ದ ಗಂಟೆ ಎಲ್ಲ ನೆನಪಿದೆ. ನನ್ನ ಗಂಡನ ದಿನ ಮಾತ್ರ ನಾನೇ ಹುಡುಕ್ಕೋಬೇಕಾ?"

ಅಜ್ಜಿ ಚಾಚಿದ ಬೆರಳನ್ನು ಇಳಿಸಲಿಲ್ಲ.

"ಅವರು ಕರ್ಕೊಂಡು ಹೋದ್ರು, ಅವರೇ ಹೇಳ್ಲಿ. ಇಂಥಾ ದಿನ, ಇಂಥಾ ಜಾಗದಲ್ಲಿ, ನಮ್ಮ ಕೈಯಲ್ಲಿ ಸತ್ತ ಅಂತ. ನಾನು ಒಂದು ದಿನ ಆರಿಸಿ ಊದಿನಕಡ್ಡಿ ಹಚ್ಚಿದ್ರೆ ಅವರ ಕೆಲಸ ಮುಗೀತು. ಅವರ ಕೆಲಸ ನಾನ್ಯಾಕೆ ಮಾಡ್ಲಿ?"

"ಅಜ್ಜಿ, ಅವರು ಯಾವತ್ತೂ ಹೇಳಲ್ಲ."

"ಹೇಳದಿದ್ರೆ ಬೇಡ. ನನ್ನ ಬಾಯಿಂದ ಹೇಳಿಸೋಕಂತೂ ಅವರಿಗೆ ಆಗಲ್ಲ." ಸ್ವಲ್ಪ ಉಸಿರು ತೆಗೆದುಕೊಂಡು ಮುಂದುವರಿಸಿದರು. "ನನಗೆ ಹುಚ್ಚು ಅಂದ್ಕೋಬೇಡ. ಅವರಿಗೆ ಈಗ ಎಂಬತ್ತಾಗಿರಬೇಕು. ಈ ಬಾಗಿಲು ತಟ್ಟಲ್ಲ ಅಂತ ನನಗೂ ಗೊತ್ತು. ಗೊತ್ತಿರೋದು ಬೇರೆ. ಒಪ್ಪಿಕೊಳ್ಳೋದು ಬೇರೆ."

ನಾನು ತಂದಿದ್ದ ಉಪಾಯ ನನಗೇ ಹಳಸಿದ ಸಾರಿನಂತೆ ಕಂಡಿತು. ಅದಕ್ಕಿಂತ ಹೆಚ್ಚಾಗಿ, ಎದ್ದು ಅವರ ಕಾಲಿಗೆ ಬೀಳಬೇಕೆನಿಸಿತು. ಸೇನೆ ಸೋತಿತ್ತು, ಊರಿನ ಹೆಸರು ಹೋಗಿತ್ತು, ದೇಶವೇ ಇಲ್ಲವಾಗಿತ್ತು. ಇನ್ನೂ ಶರಣಾಗದೆ ಉಳಿದದ್ದು ಹಿಲ್ಸ್‌ಬರೋದ ಒಂದು ಸೋಫಾದ ಮೇಲೆ ಕುಳಿತ ಈ ಪುಟ್ಟ ಹೆಂಗಸು ಮಾತ್ರ. ಅವರು ನನ್ನ ಮಣಿಕಟ್ಟು ಹಿಡಿದರು. ಹಿಡಿತ ಇನ್ನೂ ಗಟ್ಟಿಯಿತ್ತು.

"ನಾನು ಹೋದ ಮೇಲೆ ನನ್ನ ಮಗ ಅವರ ಫೋಟೋನ ಮೇಲಿಡ್ತಾನೆ. ಒಳ್ಳೆ ಹುಡುಗ, ಅದಕ್ಕೇ ಇಡ್ತಾನೆ. ನೀನು ಬಿಡಬೇಡ."

"ನಾನು ಪಕ್ಕದ ಮನೆಯವಳು ಅಜ್ಜಿ. ನಾನೇನು ಹೇಳ್ಲಿ?"

"ಹಾರ ಹಾಕೋಕೆ ಬಂದಾಗ ಪಕ್ಕದ ಮನೆಯವಳು ಅಂತ ನೆನಪಿರಲಿಲ್ವಾ?"

ಹೂಂ ಎಂದುಬಿಟ್ಟೆ. ಮನೆಗೆ ಬಂದು ಗಂಡನಿಗೆ ಹೇಳಿದರೆ, "ಬೇರೆಯವರ ಫ್ಯಾಮಿಲಿ ಮ್ಯಾಟರ್‌ಗೆಲ್ಲ ಯಾಕೆ ಪ್ರಾಮಿಸ್ ಮಾಡ್ತೀಯ?" ಎಂದರು. ಪ್ರಾಮಿಸ್ ಮಾಡಿಯಾಗಿತ್ತು.

ಹಿಮ ಕರಗುವ ಮುಂಚೆಯೇ ಅಜ್ಜಿ ಹೋದರು. ಪಗೋಡದಲ್ಲಿ ಮಂತ್ರ, ಮಗ ಸೊಸೆ ತಲೆಗೆ ಬಿಳಿ ಬಟ್ಟೆ ಕಟ್ಟಿಕೊಂಡಿದ್ದರು. ಗುರುಗಳು ತಂದೆಯವರ ಹೆಸರನ್ನೂ ಸೇರಿಸಿ ಓದಲೇ ಎಂದು ಮಗನ ಕಿವಿಯಲ್ಲಿ ಕೇಳಿದರು ಎಂದು ಅವನ ಹೆಂಡತಿ ಆಮೇಲೆ ನನಗೆ ಹೇಳಿದಳು. ಅವನು ನೆಲ ನೋಡುತ್ತಿದ್ದನಂತೆ. ಗುರುಗಳು ಕಾದು, ಅಜ್ಜಿಯ ಹೆಸರೊಂದನ್ನೇ ಓದಿದರು.

ಅಲ್ಲಿಂದ ಎಲ್ಲರೂ ಮನೆಗೆ ಬಂದೆವು. ಮಗ ತಾಯಿಯ ಫೋಟೋವನ್ನು ಕೆಂಪು ಸ್ಟ್ಯಾಂಡಿನ ಮೇಲೆ ಇಟ್ಟ. ತಮ್ಮ ಅಪ್ಪ ಅಮ್ಮನ ಪಕ್ಕದಲ್ಲಿ ಅಜ್ಜಿ ಚೆನ್ನಾಗಿಯೇ ಕಂಡರು, ಸ್ವಲ್ಪ ಬೇಸರದ ಮುಖ. ಆಮೇಲೆ ಅವನು ಬಾಗಿಲ ಹತ್ತಿರ ಹೋದ. ಅಪ್ಪನ ಫೋಟೋವನ್ನು ಮೊಳೆಯಿಂದ ತೆಗೆದ. ಮನೆ ತುಂಬ ಅವರ ಜನ, ಅವರ ಭಾಷೆ. ನಾನು ಸೀರೆ ಉಟ್ಟುಕೊಂಡು ಒಂದು ಮೂಲೆಯಲ್ಲಿ ಅನ್ನದ ಪಾತ್ರೆ ಹಿಡಿದು ನಿಂತವಳು. ಆದರೂ ಪಾತ್ರೆ ಕೆಳಗಿಟ್ಟೆ. ಜಗಳವಾದರೆ ಆಗಲಿ ಎಂದು ಎರಡು ಹೆಜ್ಜೆ ಮುಂದೆ ಹೋದೆ.

ಅವನು ಜೇಬಿನಿಂದ ಕರ್ಚೀಫು ತೆಗೆದು ಗಾಜನ್ನು ಒರೆಸಿದ. ಚೌಕಟ್ಟಿನ ಮೇಲಿನ ಧೂಳನ್ನೂ ಒರೆಸಿದ. ಮತ್ತೆ ಅದೇ ಮೊಳೆಗೆ ಹಾಕಿ, ವಾರೆಯಾಗಿದೆಯೇ ಎಂದು ಹಿಂದೆ ಸರಿದು ನೋಡಿದ. ನಾನು ಹತ್ತಿರ ಬಂದು ನಿಂತದ್ದನ್ನು ಆಗ ಗಮನಿಸಿದ.

"ನಿಮ್ಮ ಹತ್ರ ಅಮ್ಮ ಮಾತು ತಗೊಂಡಿದ್ರಾ?" ಎಂದು ಕೇಳಿದ.

"ಹೌದು."

"ನನ್ನ ಹತ್ರ ತಗೊಳ್ಳಲಿಲ್ಲ," ಎಂದ. "ಕೇಳಲೇ ಇಲ್ಲ ನನ್ನನ್ನ."

ಆ ಬೇಸಿಗೆಯಲ್ಲಿ ಅವನು ಮನೆ ಮಾರಿದ. ಫೋಟೋಗಳು ಅವನ ಮನೆಗೆ ಹೋದವು, ಮೇಲಿನವು ಮೇಲೆ, ಬಾಗಿಲಿನದು ಬಾಗಿಲಿಗೆ. ಲ್ಯಾಂಡ್‌ಲೈನಿನ ನಂಬರನ್ನು ತನ್ನ ಸೆಲ್‌ಫೋನಿಗೆ ಹಾಕಿಸಿಕೊಂಡ. ಟೆಲಿಮಾರ್ಕೆಟಿಂಗಿನವರನ್ನು ಬಿಟ್ಟರೆ ಅದಕ್ಕೆ ಯಾರೂ ಕರೆ ಮಾಡುವುದಿಲ್ಲ. ಎಲ್ಲವನ್ನೂ ಎತ್ತುತ್ತೇನೆ ಎಂದ. ನಿಂಬೆಹುಲ್ಲಿನ ಕುಂಡ ನಮ್ಮ ಡೆಕ್ಕಿಗೆ ಬಂತು.

ಮತ್ತೆ ಪಿತೃಪಕ್ಷ ಬಂತು. ನನ್ನ ಗಂಡ ಈ ಸಲ ಎರಡು ಎಲೆ ಹೆಚ್ಚಿಗೆ ಹಾಕಿದರು. ಹೇಳಿಕೊಳ್ಳದಿದ್ದರೂ 'ನಾಚಿಕೆ ಜಾಸ್ತಿನಾ' ಎಂದ ಆ ಮುದುಕಿಯ ಮೇಲೆ ಅವರಿಗೂ ಪ್ರೀತಿಯಿತ್ತು. ಅತ್ತೆ, ಮಾವ, ನಮ್ಮಪ್ಪ, ಅಮ್ಮ, ಆಮೇಲೆ ಅಜ್ಜಿ. ಅಜ್ಜಿಯ ಎಲೆಗೆ ನಾನು ಕಜ್ಜಾಯ ಜಾಸ್ತಿ ಇಟ್ಟೆ. ಅದರ ಪಕ್ಕದ ಎಲೆಗೆ ಗಂಡ ಅನ್ನ ಬಡಿಸಿ, ಅಜ್ಜಿಯೇ ಕೊಟ್ಟಿದ್ದ ಎಳ್ಳಿನ ಪುಡಿಯ ಕೊನೆಯ ಬಾಟಲು ತೆಗೆದು ಉದುರಿಸುತ್ತಿದ್ದರು.

"ಇದು ಯಾರಿಗೆ?"

"ಅವರ ಯಜಮಾನ್ರಿಗೆ ಕಣೇ. ಪಾಪ, ಅವರಿಗೆ ಇಡೋರು ಯಾರೂ ಇಲ್ವಲ್ಲ. ಇಬ್ರೂ ಒಟ್ಟಿಗೆ ಊಟ ಮಾಡ್ಲಿ."

ಧೂಪಕ್ಕೆ ಕೆಂಡ ಸಿದ್ಧವಾಗಿತ್ತು. ಮಗಳು ಬಾಗಿಲ ಹತ್ತಿರ ಚಪ್ಪಲಿ ಹಾಕಿಕೊಂಡು ಹೊರಗೆ ಹೋಗಲು ಕಾಯುತ್ತಿದ್ದಳು. ನಾನು ಬಗ್ಗಿ ಆ ಎಲೆಯನ್ನು ಎರಡೂ ಕೈಯಲ್ಲಿ ಎತ್ತಿದೆ.

"ಅಯ್ಯೋ, ಬಡಿಸಿದ ಎಲೆ! ಎಲ್ಲಿಗೆ ತಗೊಂಡು ಹೋಗ್ತೀಯ?"

"ಅವರು ಸತ್ತಿದ್ದಾರೆ ಅಂತ ನಿಮ್ಗೆ ಯಾರು ಹೇಳಿದ್ರು ರೀ?"

ಗಂಡ ಬಾಟಲು ಹಿಡಿದುಕೊಂಡು ಹಾಗೇ ನಿಂತರು. ನಾನು ಎಲೆಯನ್ನು ಊಟದ ಮೇಜಿನ ಮೇಲೆ, ನಾವು ಮೂವರು ಉಣ್ಣುವ ತಟ್ಟೆಗಳ ಸಾಲಿನಲ್ಲಿ ಇಟ್ಟು, ಮೇಲೊಂದು ತಟ್ಟೆ ಮುಚ್ಚಿದೆ.